ಮೊದಲು ನೀರಿಗೆ ದಾರಿ, ಆಮೇಲೆ ಮನೆಗೆ ಜಾಗ!

ಹಟ್ಟಿ: ಸೆಪ್ಟೆಂಬರ್ ತಿಂಗಳಿಗೂ ಈ ಭಾಗದ ಜನರಿಗೂ ಮೂರು ತಾರೀಖುಗಳ ನಂಟು. 15ನೇ ತಾರೀಖು ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ ದಿನ. ಇಂಜಿನಿಯರುಗಳ ದಿನವೆಂದು ಕಚೇರಿ ಕಚೇರಿಗಳಲ್ಲಿ ಅವರ ಫೋಟೋಕ್ಕೆ ಮಾಲೆ ಬೀಳುತ್ತದೆ. 17ನೇ ತಾರೀಖು, 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡ ದಿನ. ಕಲ್ಯಾಣ ಕರ್ನಾಟಕ ಉತ್ಸವವೆಂದು ಧ್ವಜ ಏರುತ್ತದೆ, ಶಾಲೆ ಮಕ್ಕಳಿಗೆ ಸಿಹಿ ಸಿಗುತ್ತದೆ. ಮೂರನೆಯದು 28ನೇ ತಾರೀಖು. ಅಂದು ಮಾಲೆಯೂ ಇಲ್ಲ, ಧ್ವಜವೂ ಇಲ್ಲ, ಸಿಹಿಯೂ ಇಲ್ಲ. ಅದು ಯಾರ ನೆನಪಿನಲ್ಲೂ ಇಲ್ಲ.

1908ರ ಸೆಪ್ಟೆಂಬರ್ 28. ಅಂದು ಹೈದರಾಬಾದು ಊರು ನೀರಿನಲ್ಲಿ ಕೊಚ್ಚಿಹೋಯಿತು. ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಎಲ್ಲಕ್ಕೂ ಆಗ ಅದೇ ರಾಜಧಾನಿ. ಆ ಊರನ್ನು ಮತ್ತೆ ಎಬ್ಬಿಸಿ ನಿಲ್ಲಿಸುವ ದಾರಿ ತೋರಿಸಲು ಬಂದವರು ಇದೇ ಮಾಲೆ ಹಾಕಿಸಿಕೊಳ್ಳುವ ವಿಶ್ವೇಶ್ವರಯ್ಯನವರು. ಅವರು ಹೇಳಿಕೊಟ್ಟ ಪಾಠ ಇವತ್ತು ಹಟ್ಟಿ ಸುತ್ತಮುತ್ತ ಪ್ಲಾಟು ಕೊಳ್ಳುವ ಪ್ರತಿಯೊಬ್ಬರಿಗೂ ಬೇಕಾದದ್ದು. ಆದರೆ ಪ್ಲಾಟು ಮಾರುವವರಿಗೆ ಮಾತ್ರ ಬೇಡವಾದದ್ದು!

ಲಿಂಗಸುಗೂರಿನಿಂದ ಬಸ್ಸು ಹತ್ತಿದವರು ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಲಿ. ನಿನ್ನೆ ಮೊನ್ನೆವರೆಗೆ ಸಜ್ಜೆ, ತೊಗರಿ ನಿಂತಿದ್ದ ಹೊಲದಲ್ಲಿ ಸುಣ್ಣ ಬಳಿದ ಕಲ್ಲುಗಳು ನಿಂತಿರುತ್ತವೆ. ಒಂದು ಕಮಾನು, ಅದರ ಮೇಲೆ ಯಾವುದೋ ದೇವರ ಹೆಸರಿನ ನಗರ. ಒಳಗೆ ಹೋದರೆ ಗಟಾರ ಎಲ್ಲಿ? ಮಳೆನೀರು ಹೋಗುವ ದಾರಿ ಎಲ್ಲಿ? ಕೇಳಬೇಡ್ರಿ! ಗಣಿಯಲ್ಲಿ ಮೂವತ್ತು ವರ್ಷ ದುಡಿದವನ ನಿವೃತ್ತಿ ದುಡ್ಡು, ಕಿರಾಣಿ ಅಂಗಡಿಯವನ ಚೀಟಿ ದುಡ್ಡು, ಹೆಣ್ಣುಮಕ್ಕಳ ಕೊರಳಿನ ಬಂಗಾರ, ಎಲ್ಲವೂ ಕೊನೆಗೆ ಹೋಗಿ ಕೂಡುವುದು ಈ ಸುಣ್ಣದ ಕಲ್ಲುಗಳ ನಡುವೆಯೇ. ಆದ್ದರಿಂದ ಈ ವರ್ಷ ಮಾಲೆಯ ಜೊತೆಗೆ ಆ ಮಹನೀಯರ ಬದುಕನ್ನೂ ಒಮ್ಮೆ ಅಳೆದು ನೋಡುವುದು ಒಳ್ಳೆಯದು.

ಬಡವರ ಮನೆಯ ಹುಡುಗ

ಮೋಕ್ಷಗುಂಡಂ ವಿಶ್ವೇಶ್ವರಯ್ಯ ಹುಟ್ಟಿದ್ದು 1861ರ ಸೆಪ್ಟೆಂಬರ್ 15ರಂದು (1860 ಎಂದು ಬರೆದವರೂ ಇದ್ದಾರೆ), ಚಿಕ್ಕಬಳ್ಳಾಪುರ ಬಳಿಯ ಮುದ್ದೇನಹಳ್ಳಿಯಲ್ಲಿ. ಮನೆತನದ ಮೂಲ ಆಂಧ್ರದ ಮೋಕ್ಷಗುಂಡಂ ಎಂಬ ಹಳ್ಳಿ. ಹೆಸರಿನ ಮೊದಲಿಗೆ ಅಂಟಿಕೊಂಡದ್ದು ಆ ಊರೇ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಸಂಸ್ಕೃತ ಪಂಡಿತರು. ಪಾಂಡಿತ್ಯ ಇತ್ತು, ಪೈಸೆ ಇರಲಿಲ್ಲ. ಮಗನಿಗೆ ಮೀಸೆ ಮೂಡುವ ಮೊದಲೇ ತಂದೆ ತೀರಿಕೊಂಡರು.

ಹುಡುಗ ಬೆಂಗಳೂರಿಗೆ ಬಂದ. ಸೋದರಮಾವನ ಆಸರೆ ಸಿಕ್ಕಿತು. ಕೊಡಗಿನ ಒಂದು ಕುಟುಂಬದ ಮಕ್ಕಳಿಗೆ ಪಾಠ ಹೇಳಿ ಹೊಟ್ಟೆ ಹೊರೆದುಕೊಂಡು ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದ. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಪುಣೆಯ ವಿಜ್ಞಾನ ಕಾಲೇಜಿಗೆ ಹೋಗಿ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗನಾಗಿ ಬಂದ. ಮರುವರ್ಷ, 1884ರಲ್ಲಿ, ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರ್. ಅಲ್ಲಿಂದ ಮುಂದೆ ಹುಡುಗ ವಿಶ್ವೇಶ್ವರಯ್ಯನವರಾದರು.

ಮೇಣದಬತ್ತಿಯ ಕಥೆ, ರೈಲಿನ ಸದ್ದು ಕೇಳಿ ಹಳಿ ಮುರಿದದ್ದನ್ನು ಹೇಳಿದ ಕಥೆ, ಇವು ಎಲ್ಲರ ಬಾಯಲ್ಲೂ ಇವೆ. ಶಾಲೆಯಲ್ಲಿ ಭಾಷಣ ಮಾಡುವ ಮಕ್ಕಳಿಗೂ ಬಾಯಿಪಾಠ. ಆದರೆ ಆ ಮನುಷ್ಯ ಆಯುಷ್ಯದ ಬಹುಭಾಗ ಕಳೆದದ್ದು ಯಾತರಲ್ಲಿ? ಕುಡಿಯುವ ನೀರು ಒಳಗೆ ತರುವುದರಲ್ಲಿ, ಕೊಳಚೆ ನೀರು ಹೊರಗೆ ಸಾಗಿಸುವುದರಲ್ಲಿ. ಮೇಣದಬತ್ತಿ ನೆನಪಾಯಿತು, ಗಟಾರ ಮರೆತುಹೋಯಿತು. ಇದೇ ವಿಚಿತ್ರ.

ಊರೂರಿಗೆ ನೀರು

ನಾಸಿಕ್, ಖಾನ್‌ದೇಶ್ ಕಡೆ ಮೊದಲ ಕೆಲಸ. ಖಾನ್‌ದೇಶದಲ್ಲಿ ಪಾಂಜ್ರಾ ನದಿಯ ಅಡಿಯಿಂದ ಕಾಲುವೆ ನೀರನ್ನು ಪೈಪಿನಲ್ಲಿ ದಾಟಿಸುವ ಕಾಮಗಾರಿ. ಮಳೆಗಾಲದ ನಡುವೆ ಕೆಲಸ, ನದಿಗೆ ಪ್ರವಾಹ. ಕೈಬಿಡುವ ಹಾಗಿಲ್ಲ, ಮುಗಿಸುವ ಹಾಗಿಲ್ಲ ಎನ್ನುವ ಪರಿಸ್ಥಿತಿ. ಮುಗಿಸಿದರು. ಹೊಳೆ ಅನ್ನುವುದು ಯಾರ ಮಾತೂ ಕೇಳುವುದಿಲ್ಲ, ಅದರ ಸ್ವಭಾವ ತಿಳಿದೇ ಕೆಲಸ ಮಾಡಬೇಕು ಎಂಬ ಪಾಠ ಅಲ್ಲಿಂದಲೇ ಶುರು.

1894ರಲ್ಲಿ ಸಿಂಧ್ ಪ್ರಾಂತದ ಸಕ್ಕರ್ ಊರಿಗೆ ಕಳಿಸಿದರು. ಈಗ ಅದು ಪಾಕಿಸ್ತಾನದಲ್ಲಿದೆ. ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿದ್ದರೂ ಕುಡಿಯಲು ಯೋಗ್ಯ ನೀರಿಲ್ಲ. ನದಿ ನೀರೆಲ್ಲ ಕೆಸರು. ಸೋಸುವ ತೊಟ್ಟಿ ಕಟ್ಟಿಸಲು ಊರಿನ ಮುನಿಸಿಪಾಲಿಟಿ ಹತ್ತಿರ ದುಡ್ಡಿಲ್ಲ. ವಿಶ್ವೇಶ್ವರಯ್ಯನವರು ನದಿಯ ಒಡಲಲ್ಲೇ ಬಾವಿ ತೋಡಿಸಿ, ಮರಳಿನ ಮೂಲಕ ತಾನೇ ಸೋಸಿಕೊಂಡು ಬಂದ ನೀರನ್ನು ಮೇಲಕ್ಕೆತ್ತಿಸಿದರು. ಹೊಳೆ ದಂಡೆಯ ಜನ ಉಸುಕಿನಲ್ಲಿ ವರ್ತಿ ತೋಡಿ ಕೊಡ ತುಂಬುವುದನ್ನು ನೋಡಿದವರಿಗೆ ಈ ಉಪಾಯ ಹೊಸದೇನಲ್ಲ. ಅದನ್ನೇ ಒಂದು ಇಡೀ ಊರಿಗೆ ಮಾಡಿ ತೋರಿಸಿದ್ದು ದೊಡ್ಡದು. 1895ರಲ್ಲಿ ಆ ಕೆಲಸ ಮುಗಿಯಿತು.

ಮುಂದೆ ಪುಣೆ ಭಾಗದ ನೀರಾ ಕಾಲುವೆ. ಅಲ್ಲಿ ಜಗಳ ಯಾವುದು ಗೊತ್ತೇ? ಸಿಂಧನೂರು ರೈತರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನವರಿಗೆ ಮೊಣಕಾಲುದ್ದ ನೀರು, ಕೆಳಗಿನ ಕೊನೆಯವರಿಗೆ ಬರೀ ಕಾಲುವೆ! ಮೇಲಿನವರು ಬೇಕಾದ ಬೆಳೆ ಬೆಳೆದು, ನೀರು ನಿಲ್ಲಿಸಿ ಹೊಲ ಜವಳು ಮಾಡಿಕೊಂಡರೆ, ಕೆಳಗಿನವರು ಬಿತ್ತಿದ ಬೀಜವನ್ನೂ ಕಳೆದುಕೊಳ್ಳುತ್ತಿದ್ದರು. ವಿಶ್ವೇಶ್ವರಯ್ಯನವರು ಕಾಲುವೆ ಕೆಳಗಿನ ಭೂಮಿಯನ್ನು ಬ್ಲಾಕುಗಳಾಗಿ ವಿಂಗಡಿಸಿ, ಇಷ್ಟು ಭಾಗಕ್ಕೆ ಕಬ್ಬು, ಇಷ್ಟು ಭಾಗಕ್ಕೆ ಜೋಳದಂಥ ಬೆಳೆ, ಸರದಿ ಪ್ರಕಾರ ನೀರು ಎಂದು ಕಟ್ಟುಮಾಡಿದರು. ಮೊದಮೊದಲು ರೈತರು ಸಿಟ್ಟಾದರು. ಆಮೇಲೆ ಲಾಭ ಕಂಡು ಒಪ್ಪಿದರು. ಬ್ಲಾಕ್ ಪದ್ಧತಿ ಎಂದು ಅದಕ್ಕೆ ಹೆಸರಾಯಿತು.

ಇಲ್ಲಿ ಒಂದು ಸೂಕ್ಷ್ಮ ಇದೆ. ಭೂಮಿ ತುಂಡು ಮಾಡುವುದು ಎಲ್ಲರಿಗೂ ಬರುತ್ತದೆ. ಹಗ್ಗ ಹಿಡಿದರೆ ಸಾಕು. ಒಂದು ತುಂಡಿಗೂ ಇನ್ನೊಂದು ತುಂಡಿಗೂ ನೀರಿನ ಸಂಬಂಧ ಏನು, ಮೇಲಿನವನ ಕೆಲಸದಿಂದ ಕೆಳಗಿನವನಿಗೆ ಏನಾಗುತ್ತದೆ ಎಂದು ಮೊದಲೇ ಯೋಚಿಸಿ ತುಂಡು ಮಾಡುವುದೇ ಪ್ಲಾನು. ಉಳಿದದ್ದು ಬರೀ ಹಂಚಿಕೆ.

ಪುಣೆ ಬಳಿಯ ಖಡಕ್‌ವಾಸ್ಲಾ ಕೆರೆಗೆ 1903ರಲ್ಲಿ ತಮ್ಮದೇ ಉಪಾಯದ, ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಕೂರಿಸಿದರು. 1906ರಲ್ಲಿ ಏಡನ್ ಬಂದರಿಗೆ ಹೋಗಿ ಅಲ್ಲಿಯ ನೀರು, ಚರಂಡಿಗೆ ಯೋಜನೆ ಬರೆದುಕೊಟ್ಟರು. ಧಾರವಾಡ, ವಿಜಯಪುರದಂಥ ನಮ್ಮ ಊರುಗಳ ನೀರಿನ ಯೋಜನೆಯಲ್ಲೂ ಅವರ ಕೈ ಇತ್ತು. ಇಷ್ಟೆಲ್ಲ ಮಾಡಿದರೂ ಬ್ರಿಟಿಷರ ಇಲಾಖೆಯಲ್ಲಿ ಒಬ್ಬ ಭಾರತೀಯ ಮುಖ್ಯ ಇಂಜಿನಿಯರ್ ಆಗುವ ಕಾಲ ಅದಾಗಿರಲಿಲ್ಲ. ಅದನ್ನು ಅರಿತು ಅವಧಿಗೆ ಮೊದಲೇ ಕೆಲಸ ಬಿಟ್ಟು ವಿದೇಶ ಪ್ರವಾಸಕ್ಕೆ ಹೊರಟರು.

ಮೂಸಿ ಮುನಿದ ರಾತ್ರಿ

ಇಟಲಿಯಲ್ಲಿದ್ದಾಗ ಹೈದರಾಬಾದಿನಿಂದ ಕರೆ ಬಂತು. ಮೂಸಿ ನದಿ ರಾಜಧಾನಿಯನ್ನು ನುಂಗಿದೆ, ಬಂದು ನೋಡಿ ಎಂಬ ಬಿನ್ನಹ.

ನಡೆದದ್ದು ಇಷ್ಟು. ಮೂಸಿ ಎಂಬುದು ಬೇಸಗೆಯಲ್ಲಿ ಕಾಲು ತೊಯ್ಯದ ಹಾಗೆ ದಾಟುವ ನದಿ. ಅದನ್ನು ನಂಬಿ ಊರು ದಂಡೆಯವರೆಗೂ ಬಂದು ಕೂತಿತ್ತು. ಕೋಲ್ಸಾವಾಡಿಯಂಥ ಬಡವರ ಓಣಿಗಳು ನೀರಿನ ಮಗ್ಗುಲಲ್ಲೇ ಇದ್ದವು. 1908ರ ಸೆಪ್ಟೆಂಬರ್ ಕೊನೆಯ ವಾರ ಮಳೆ ಹಿಡಿಯಿತು. 27ರ ರಾತ್ರಿ ಕಳೆದು 28ರ ಬೆಳಗಾಗುವುದರೊಳಗೆ ನದಿ ಓಣಿಗಳ ಮೇಲೇ ಹರಿಯತೊಡಗಿತು. ಅಫ್ಜಲ್, ಮುಸಲ್ಲಂ ಜಂಗ್, ಚಾದರ್‌ಘಾಟ್ ಸೇತುವೆಗಳು ಹೋದವು. ಹಳೆಯ ಪುರಾನಾಪೂಲ್ ಒಂದೇ ಉಳಿಯಿತು. ಸುಮಾರು 15 ಸಾವಿರ ಜನ ಸತ್ತರು, 19 ಸಾವಿರ ಮನೆ ಬಿದ್ದವು ಎಂಬುದು ಸಾಮಾನ್ಯವಾಗಿ ಕೊಡುವ ಲೆಕ್ಕ. ಅಫ್ಜಲ್‌ಗಂಜಿನಲ್ಲಿ ಒಂದು ಹುಣಸೆ ಮರ ಹತ್ತಿ ನೂರೈವತ್ತು ಜನ ಜೀವ ಉಳಿಸಿಕೊಂಡರು. ಆ ಮರವನ್ನು ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿ ಜೋಪಾನವಾಗಿ ಉಳಿಸಿಕೊಂಡು ಬಂದಿದ್ದಾರೆ.

1909ರ ಏಪ್ರಿಲ್‌ನಲ್ಲಿ ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬಂದರು. ಬಂದವರು ಬಿದ್ದ ಮನೆಗಳನ್ನಷ್ಟೇ ಎಣಿಸುತ್ತಾ ಕೂರಲಿಲ್ಲ. ನೀರು ಎಲ್ಲಿಂದ ಬಂತು ಎಂದು ಹುಡುಕಿಕೊಂಡು ನದಿಯ ಮೇಲ್ಗಡೆಗೆ ಹೋದರು. ಮಳೆಯ ಲೆಕ್ಕ, ಹಳ್ಳಗಳ ಲೆಕ್ಕ, ಕೆರೆಗಳ ಲೆಕ್ಕ ತೆಗೆದರು. ಊರಿನ ಮೇಲ್ಗಡೆಯ ನದಿಪಾತ್ರದ ಪ್ರದೇಶದಲ್ಲಿ 788 ಕೆರೆ. ಆ ಮಳೆಗೆ ಅವುಗಳ ಪೈಕಿ 221 ಒಡೆದಿದ್ದವು! ಒಂದು ಕೆರೆ ಒಡೆದರೆ ಅದರ ಕೆಳಗಿನದು ತಡೆಯುವುದೇ? ಒಂದರ ನೀರು ಇನ್ನೊಂದರ ಮೇಲೆ ಬಿದ್ದು, ಅದು ಮತ್ತೊಂದರ ಮೇಲೆ ಬಿದ್ದು, ಎಲ್ಲವೂ ಸೇರಿ ರಾಜಧಾನಿಯ ಮೇಲೆ ಬಿತ್ತು. ದೇವರ ಮುನಿಸು ಎಂದು ಜನ ಕೈಮುಗಿದಿದ್ದಕ್ಕೆ ಲೆಕ್ಕದ ಪುಸ್ತಕದಲ್ಲಿ ಕಾರಣ ಇತ್ತು.

ಅದೇ ವರ್ಷ ವರದಿ ಕೊಟ್ಟರು. ಊರಿನ ಮೇಲ್ಗಡೆ ಮೂಸಿಗೊಂದು, ಅದರ ಉಪನದಿ ಈಸಿಗೊಂದು ದೊಡ್ಡ ಜಲಾಶಯ ಕಟ್ಟಿ ಪ್ರವಾಹವನ್ನು ಹಿಡಿದಿಡಬೇಕು. ಅದೇ ನೀರು ಊರಿಗೆ ಕುಡಿಯಲಿಕ್ಕೂ ಆಗುತ್ತದೆ. ಊರೊಳಗೆ ನದಿ ದಂಡೆಗಳನ್ನು ಎತ್ತರಿಸಿ, ಅಲ್ಲಿ ರಸ್ತೆ, ಉದ್ಯಾನ ಮಾಡಬೇಕು. ಊರಿಗೆಲ್ಲ ಒಳಚರಂಡಿ ಬೇಕು. ದಂಡೆಯಲ್ಲಿ ತೋಟ ಯಾಕೆ ಬೇಕು ಅಂದುಕೊಂಡಿರಾ? ಬರೀ ಚೆಂದಕ್ಕಲ್ಲ. ತೋಟ ಇದ್ದ ಕಡೆ ನೀರು ಬಂದರೆ ಗಿಡ ಮುಳುಗುತ್ತದೆ, ಮನೆ ಇದ್ದ ಕಡೆ ಬಂದರೆ ಮಕ್ಕಳು ಮುಳುಗುತ್ತಾರೆ.

ಮೂಸಿಯ ಉಸ್ಮಾನ್ ಸಾಗರ 1920ರಲ್ಲಿ, ಈಸಿಯ ಹಿಮಾಯತ್ ಸಾಗರ 1927ರಲ್ಲಿ ಮುಗಿದವು. ನಡುವೆ 1912ರಲ್ಲಿ ಹೈದರಾಬಾದಿಗೆ ನಗರ ಸುಧಾರಣಾ ಮಂಡಳಿ ಬಂತು. ಉಸಿರು ಕಟ್ಟುವ ಓಣಿಗಳನ್ನು ಒಡೆದು ರಸ್ತೆ ಬಿಡಿಸುವುದು, ಮನೆ ಕಳೆದುಕೊಂಡವರಿಗೆ ಬೇರೆ ಕಡೆ ಅಳತೆ ಮಾಡಿದ ಜಾಗದಲ್ಲಿ ಮನೆ ಕಟ್ಟುವುದು ಅದರ ಕೆಲಸ. ಚಾರ್‌ಮಿನಾರ್ ಕಡೆ ಹೋದ ವ್ಯಾಪಾರಸ್ಥರು ಪತ್ಥರ್‌ಗಟ್ಟಿಯ ಕಲ್ಲಿನ ಅಂಗಡಿ ಸಾಲನ್ನು ನೋಡಿಯೇ ಇರುತ್ತಾರೆ. ಅದು ಆ ಮಂಡಳಿ ಮಾಡಿದ್ದು. ಅಗಲವಾದ ರಸ್ತೆ, ಒಂದೇ ಸಾಲಿಗೆ ನಿಂತ ಅಂಗಡಿಗಳು, ನಡೆಯಲು ನೆರಳು. ರಸ್ತೆಗೆ ಜಾಗ ಬಿಟ್ಟರೆ ವ್ಯಾಪಾರ ಕಡಿಮೆಯಾಗುತ್ತದೆ ಎನ್ನುವವರು ಅಲ್ಲಿಯ ಒಂದು ಅಂಗಡಿಯ ಬಾಡಿಗೆ ಕೇಳಿಕೊಂಡು ಬರಲಿ!

ಆಗ ಹಟ್ಟಿ ಹೇಗಿತ್ತು?

ಹೈದರಾಬಾದಿನಲ್ಲಿ ಇದೆಲ್ಲ ಆಗುತ್ತಿದ್ದಾಗ ಹಟ್ಟಿಯೂ ಅದೇ ನಿಜಾಮನ ರಾಜ್ಯದ ಮೂಲೆಯಲ್ಲಿತ್ತು. ಲಿಂಗಸುಗೂರು ಜಿಲ್ಲಾ ಕೇಂದ್ರವಾಗಿತ್ತು. 1905ರಲ್ಲಿ ಆ ಜಿಲ್ಲೆ ರದ್ದಾಗಿ ರಾಯಚೂರಿನಲ್ಲಿ ಸೇರಿಹೋಯಿತು. ಹಟ್ಟಿಯಲ್ಲಿ 20ನೇ ಶತಮಾನದ ಮೊದಲ ಎರಡು ದಶಕ ನಿಜಾಮನ ಹೆಸರಿನ ಕಂಪನಿ ಬಂಗಾರ ತೆಗೆಯಿತು, ಆಮೇಲೆ ಬಾಗಿಲು ಮುಚ್ಚಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಹುಟ್ಟಿ ಗಣಿ ಮತ್ತೆ ಶುರುವಾಯಿತು. ರಾಜ್ಯಗಳ ಮರುವಿಂಗಡಣೆಯಾಗಿ 1956ರಲ್ಲಿ ರಾಯಚೂರು ಜಿಲ್ಲೆ ಕನ್ನಡ ನಾಡಿಗೆ ಬಂದ ಮೇಲೆ ಗಣಿಯೂ ಇಲ್ಲಿಯ ಸರ್ಕಾರದ ಕಂಪನಿಯಾಯಿತು.

ವಿಶ್ವೇಶ್ವರಯ್ಯನವರಿಗೆ ಗಣಿ ಊರು, ಕಾರ್ಖಾನೆ ಊರು ಅಂದರೆ ಏನೆಂದು ಗೊತ್ತಿತ್ತು. ಅದು ಗೊತ್ತಾದದ್ದು ಮೈಸೂರಿಗೆ ಹೋದ ಮೇಲೆ.

ದಿವಾನಗಿರಿ

1909ರ ನವೆಂಬರ್‌ನಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್, 1912ರ ನವೆಂಬರ್‌ನಲ್ಲಿ ದಿವಾನರು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರು. 1913ರಲ್ಲಿ ಮೈಸೂರು ಬ್ಯಾಂಕು, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ. 1915ರಲ್ಲಿ ಬ್ರಿಟಿಷ್ ಸರ್ಕಾರ ಸರ್ ಪದವಿ ಕೊಟ್ಟಿತು. ಇದೆಲ್ಲ ಪಠ್ಯಪುಸ್ತಕದಲ್ಲಿ ಇರುವುದೇ.

ಪಠ್ಯಪುಸ್ತಕ ಅಷ್ಟಾಗಿ ಹೇಳದ ಒಂದು ಕೆಲಸ, ಗ್ರಾಮ ಸುಧಾರಣೆ. ಹಳ್ಳಿ ಹಳ್ಳಿಗೆ ಒಂದು ಸಮಿತಿ. ಊರಿನವರು ವಾರಕ್ಕೆ ಅರ್ಧ ದಿನ ತಮ್ಮೂರ ಕೆಲಸಕ್ಕೆ ಮೈಬಗ್ಗಿಸಬೇಕು. ಬಾವಿ ಶುದ್ಧಮಾಡುವುದು, ಓಣಿ ಸರಿಮಾಡುವುದು, ತಿಪ್ಪೆ ಊರಾಚೆ ಸಾಗಿಸುವುದು. ಊರವರು ಸ್ವಲ್ಪ ಹಣ ಹಾಕಿದರೆ ಸರ್ಕಾರ ತನ್ನ ಪಾಲು ಸೇರಿಸುವುದು. ಮಲೇರಿಯಾದಿಂದ ಹಾಳು ಬೀಳುತ್ತಿದ್ದ ಮಲೆನಾಡಿಗೆ ಬೇರೆಯೇ ಸುಧಾರಣಾ ಯೋಜನೆ. ಊರನ್ನು ಊರವರು ಕೂಡಿ ಯೋಚಿಸದ ಹೊರತು ಸರ್ಕಾರದ ದುಡ್ಡು ಮಳೆನೀರಿನ ಹಾಗೆ ಹರಿದುಹೋಗುತ್ತದೆ ಎಂಬುದು ಆ ಯೋಜನೆಯ ಹುರುಳು.

ಆಮೇಲೆ ಭದ್ರಾವತಿ. ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ನಾಂದಿ ಹಾಕಿದರು. 1923ರಲ್ಲಿ ಉತ್ಪಾದನೆ ಶುರುವಾಯಿತು. ದಿವಾನಗಿರಿ ಬಿಟ್ಟ ಮೇಲೂ 1923ರಿಂದ 1929ರವರೆಗೆ ಅದರ ಮಂಡಳಿಗೆ ಅಧ್ಯಕ್ಷರಾಗಿ, ನಷ್ಟದಲ್ಲಿ ಮುಳುಗುತ್ತಿದ್ದ ಕಾರ್ಖಾನೆಯನ್ನು ಎತ್ತಿ ನಿಲ್ಲಿಸಿದರು. ಕಾರ್ಖಾನೆಯ ಸುತ್ತ ಕಾರ್ಮಿಕರ ಮನೆಗಳು, ರಸ್ತೆಗಳು ಬೆಳೆದವು. ಹಟ್ಟಿ ಕ್ಯಾಂಪಿನ ಕ್ವಾರ್ಟರ್ಸ್ ನೋಡಿದವರಿಗೆ ಆ ಮಾದರಿಯ ಊರು ಕಣ್ಣಿಗೆ ಕಟ್ಟುತ್ತದೆ. ಸಾಲು ಮನೆ, ಸಾಲು ನಳ, ಸಾಲು ಬೀದಿದೀಪ. ಕಂಪನಿಯ ಗಡಿಗೆರೆ ಮುಗಿದಲ್ಲಿಗೆ ಪ್ಲಾನೂ ಮುಗಿಯಿತು. ಗೆರೆಯಾಚೆ ಇರುವವರ ಪಾಡು ಅವರದು.

ಪೂಜೆ ಮಾಡುವಾಗ ಒಂದು ಮಾತು ಮುಚ್ಚಿಡಬಾರದು. ವಿಶ್ವೇಶ್ವರಯ್ಯನವರು 1918ರ ಕೊನೆಗೆ ದಿವಾನಗಿರಿ ಬಿಟ್ಟದ್ದಕ್ಕೆ ಮುಖ್ಯ ಕಾರಣ, ಹಿಂದುಳಿದವರಿಗೆ ಸರ್ಕಾರಿ ನೌಕರಿಯಲ್ಲಿ ಪಾಲು ಕೊಡಬೇಕೆಂಬ ನಾಲ್ವಡಿ ಕೃಷ್ಣರಾಜ ಒಡೆಯರ ನಿಲುವು. ಮಿಲ್ಲರ್ ಸಮಿತಿ ನೇಮಕವಾದದ್ದು ಅದಕ್ಕಾಗಿ. ಯೋಗ್ಯತೆಯೊಂದೇ ಅಳತೆ ಎಂದು ನಂಬಿದ ದಿವಾನರಿಗೆ ಅದು ಹಿಡಿಸಲಿಲ್ಲ. ನೀರು ಮಾತ್ರ ಕಾಲುವೆಯ ಕೊನೆಯವನಿಗೂ ಮುಟ್ಟಬೇಕು ಎಂದವರು, ನೌಕರಿ ವಿಷಯದಲ್ಲಿ ಆ ಮಾತು ಹೇಳಲಿಲ್ಲ. ಈ ವಿಷಯದಲ್ಲಿ ಅರಸರ ನೋಟ ಇಂಜಿನಿಯರರ ನೋಟಕ್ಕಿಂತ ದೂರ ಹೋಯಿತು ಎಂದರೆ ತಪ್ಪಾಗದು. ದೊಡ್ಡವರ ತಪ್ಪು ಹೇಳಿದರೆ ಅವರು ಸಣ್ಣವರಾಗುವುದಿಲ್ಲ.

ದಿವಾನಗಿರಿ ಬಿಟ್ಟ ಮೇಲೂ ಸುಮ್ಮನೆ ಕೂಡಲಿಲ್ಲ. ಹೈದರಾಬಾದಿನ ಚರಂಡಿ ಕೆಲಸಕ್ಕೆ ಸಲಹೆ ಕೊಡಲು ಮತ್ತೆ ಹೋಗಿಬಂದರು. 1934ರಲ್ಲಿ ಭಾರತಕ್ಕೆ ಯೋಜಿತ ಆರ್ಥಿಕತೆ ಬೇಕೆಂದು ಪುಸ್ತಕ ಬರೆದರು. ದೇಶದ ಮೊದಲ ಪಂಚವಾರ್ಷಿಕ ಯೋಜನೆ ಬರುವುದಕ್ಕೆ ಆಗ ಇನ್ನೂ 17 ವರ್ಷ ಇತ್ತು! 1955ರಲ್ಲಿ ಭಾರತರತ್ನ. 1962ರ ಏಪ್ರಿಲ್ 14ರಂದು ಬೆಂಗಳೂರಿನಲ್ಲಿ, ನೂರು ವರ್ಷ ಮುಟ್ಟಿದ ಆ ಹಿರಿಯ ಜೀವ ಹೋಯಿತು. ಸಮಾಧಿ ಹುಟ್ಟಿದ ಊರು ಮುದ್ದೇನಹಳ್ಳಿಯಲ್ಲಿದೆ.

ಪಾಠ ಯಾರು ಕಲಿತರು?

ಹೈದರಾಬಾದೇ ಪೂರ್ತಿ ಕಲಿಯಲಿಲ್ಲ. ಜಲಾಶಯಗಳು ನಿಂತವು, ಆದರೆ ಊರು ಬೆಳೆದ ಹಾಗೆ ಸಣ್ಣಪುಟ್ಟ ಕೆರೆಗಳ ಅಂಗಳ ಲೇಔಟುಗಳಾದವು. 2020ರ ಅಕ್ಟೋಬರ್ ಮಳೆಗೆ ಆ ಲೇಔಟುಗಳ ಮನೆಗಳಲ್ಲಿ ಎದೆಮಟ್ಟ ನೀರು ನಿಂತಿತು. 2025ರ ಸೆಪ್ಟೆಂಬರ್ ಕೊನೆಗೆ ಜಲಾಶಯಗಳ ಬಾಗಿಲು ತೆರೆದಾಗ ಮೂಸಿ ಉಕ್ಕಿ ಮಹಾತ್ಮ ಗಾಂಧಿ ಬಸ್ ನಿಲ್ದಾಣದೊಳಕ್ಕೇ ನುಗ್ಗಿತು. ರಾಯಚೂರು ಕಡೆಯ ಬಸ್ಸು ಹೋಗಿ ನಿಲ್ಲುವುದು ಅಲ್ಲಿಯೇ. ಆ ನಿಲ್ದಾಣ ಕಟ್ಟಿರುವುದು ನದಿಯ ನಡುವಿನ ದಿಬ್ಬದ ಮೇಲೆ. ನದಿ ತನ್ನ ಜಾಗ ಮರೆಯುವುದಿಲ್ಲ, ಜನ ಮರೆಯುತ್ತಾರೆ.

ರಾಯಚೂರು ಜಿಲ್ಲೆಯೂ ಒಮ್ಮೆ ಪೆಟ್ಟು ತಿಂದಿದೆ. ಮೂಸಿ ಪ್ರವಾಹದ ನೂರಾ ಒಂದು ವರ್ಷಕ್ಕೆ, ಅದೇ ಸೆಪ್ಟೆಂಬರ್ ಕೊನೆಯ ವಾರ, 2009ರಲ್ಲಿ ಉತ್ತರ ಕರ್ನಾಟಕವನ್ನು ಮಳೆ ಕಚ್ಚಿ ಹಿಡಿಯಿತು. ಹೊಳೆ ಹಳ್ಳದ ದಂಡೆಯ ಊರುಗಳು ಮುಳುಗಿದವು. ಆಸರೆ ಎಂಬ ಯೋಜನೆಯಲ್ಲಿ ಎತ್ತರದ ಜಾಗ ನೋಡಿ ಹೊಸ ಮನೆ ಕಟ್ಟಿಸಿದರು. ಗೆರೆ ಎಳೆದ ಹಾಗೆ ರಸ್ತೆ, ಒಂದೇ ಅಚ್ಚಿನ ಮನೆ. ಆದರೂ ಹಲವು ಕಡೆ ಜನ ಹೋಗಿ ಇರಲಿಲ್ಲ. ದನ ಕಟ್ಟಲು ಜಾಗ ಇಲ್ಲ, ಕಾಳು ಇಡಲು ಜಾಗ ಇಲ್ಲ, ನಳಕ್ಕೆ ನೀರಿಲ್ಲ. ಊರವರನ್ನು ಕೂಡಿಸಿ ಕೇಳದೆ ಕಾಗದದ ಮೇಲೆ ಎಳೆದ ಪ್ಲಾನಿನ ಗತಿ ಇದು. ಪ್ಲಾನಿಲ್ಲದ ಊರು ಒಂದು ಕೇಡು, ಜನರಿಲ್ಲದ ಪ್ಲಾನು ಇನ್ನೊಂದು ಕೇಡು.

ಒಂದು ಎಕರೆಯ ಲೆಕ್ಕ

ಈಗ ಸುಣ್ಣದ ಕಲ್ಲುಗಳ ಹತ್ತಿರ ಬರೋಣ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ಮೂವತ್ತು ನಲವತ್ತರ ಪ್ಲಾಟು 1,200 ಚದರ ಅಡಿ. ಒಂದು ಅಂಗುಲವೂ ಬಿಡದೆ ಕತ್ತರಿಸಿದರೆ 36 ಪ್ಲಾಟು. ರಸ್ತೆ, ಗಟಾರ, ಪಾರ್ಕು, ಶಾಲೆ ಆಸ್ಪತ್ರೆಯಂಥ ಸಾರ್ವಜನಿಕ ಕೆಲಸಕ್ಕೆ ಜಾಗ ಬಿಟ್ಟರೆ ಉಳಿಯುವುದು 20ರ ಆಸುಪಾಸು. ನಡುವಿನ ಹದಿನೈದು ಹದಿನಾರು ಪ್ಲಾಟಿನ ದುಡ್ಡೇ ಎಲ್ಲ ಜಗಳದ ಮೂಲ! ರಸ್ತೆ ಎರಡು ಅಡಿ ಕಿರಿದಾದಷ್ಟೂ, ಹಳ್ಳದ ಮೇಲೆ ಮಣ್ಣು ಬಿದ್ದಷ್ಟೂ ಮಾರುವವನ ಜೇಬು ಅಗಲ. ಕೊಳ್ಳುವವನಿಗೆ ಅದರ ಬಿಲ್ಲು ಬರುವುದು ಮೊದಲ ದೊಡ್ಡ ಮಳೆಗೆ.

ಕಾನೂನು ಇಲ್ಲವೇ? ಇದೆ. ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ 1961ರದು. ಅದರ 17ನೇ ಕಲಮಿನ ಪ್ರಕಾರ ಜಾಗವನ್ನು ಪ್ಲಾಟು ಮಾಡುವವರು, ರಸ್ತೆ ಬಿಡುವವರು ಮೊದಲು ನಕ್ಷೆ ಕೊಟ್ಟು ಒಪ್ಪಿಗೆ ಪಡೆಯಬೇಕು. ಪ್ರಾಧಿಕಾರ ಇದ್ದ ಕಡೆ ಪ್ರಾಧಿಕಾರ, ಇಲ್ಲದ ಕಡೆ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ ನೋಡುತ್ತದೆ. ಹೊಲವನ್ನು ಮನೆ ಜಾಗ ಮಾಡಲು 1964ರ ಭೂಕಂದಾಯ ಕಾಯ್ದೆಯ 95ನೇ ಕಲಮು, ಅಂದರೆ ಜನ ಎನ್.ಎ. ಎಂದು ಕರೆಯುವುದು. 500 ಚದರ ಮೀಟರಿಗಿಂತ ದೊಡ್ಡ ಲೇಔಟಾದರೆ 2016ರ ರೇರಾ ಕಾಯ್ದೆಯಲ್ಲೂ ನೋಂದಣಿ ಆಗಬೇಕು.

ಇಲ್ಲಿಯೇ ಜನ ಮೋಸ ಹೋಗುವುದು. ಎನ್.ಎ. ಆಗಿದೆ ಎಂದರೆ ಹೊಲಕ್ಕೆ ಮನೆ ಜಾಗವಾಗುವ ಅಪ್ಪಣೆ ಸಿಕ್ಕಿದೆ ಎಂದಷ್ಟೇ ಅರ್ಥ. ಲೇಔಟಿನ ನಕ್ಷೆಗೆ ಒಪ್ಪಿಗೆ ಸಿಕ್ಕಿದೆ ಎಂದಲ್ಲ. ಒಂದು ಕಾಗದ ತೋರಿಸಿ ಎರಡೂ ಇವೆ ಎಂದು ನಂಬಿಸುವುದು ಸುಲಭ. ಇನ್ನು ಬಾಂಡ್ ಪೇಪರಿನ ಮೇಲೆ ಇಸಾರ ಬರೆಸಿಕೊಂಡು, ರಜಿಸ್ಟ್ರಿ ಆಮೇಲೆ ಎಂದವರ ಆಮೇಲೆ ಬರುವುದೇ ಇಲ್ಲ.

ತಪ್ಪಾದ ಮೇಲೆ ತಿದ್ದುವ ಪ್ರಯತ್ನವೂ ನಡೆದಿದೆ. ಅಕ್ರಮ ಸಕ್ರಮ ಎಂದು 2007ರಲ್ಲಿ ಕಾಯ್ದೆ ತಿದ್ದಿದರು. 2014ರಲ್ಲಿ ನಿಯಮ ಬಂತು. ಹೈಕೋರ್ಟು 2016ರ ಡಿಸೆಂಬರ್‌ನಲ್ಲಿ ಎತ್ತಿಹಿಡಿಯಿತು. ಮುಂದಿನ ತಿಂಗಳೇ ಸುಪ್ರೀಂ ಕೋರ್ಟು ತಡೆ ಕೊಟ್ಟಿತು. 2025ರಲ್ಲಿ ಪಟ್ಟಣಗಳ ಅನಧಿಕೃತ ಆಸ್ತಿಗಳಿಗೆ ಬಿ-ಖಾತೆ ಕೊಡಲು ಸರ್ಕಾರ ಹೊರಟಿತು. ಸಂಕಟದಲ್ಲಿದ್ದ ಬಡವರಿಗೆ ಅದರಿಂದ ಒಂದು ದಾಖಲೆ ಸಿಕ್ಕಿತು, ಸಂತೋಷ. ಆದರೆ ಖಾತೆ ಎಷ್ಟೇ ಕೊಟ್ಟರೂ ಎರಡು ಮನೆ ನಡುವೆ ಗಟಾರಕ್ಕೆ ಜಾಗ ಹುಟ್ಟುವುದಿಲ್ಲ. ಆಂಬುಲೆನ್ಸ್ ತಿರುಗದ ಓಣಿ ಖಾತೆಯಿಂದ ಅಗಲವಾಗುವುದಿಲ್ಲ. ದಂಡ ಕಟ್ಟುವವನು ಕೊಂಡವನು, ಮಾರಿದವನು ಆಗಲೇ ಮುಂದಿನ ಹೊಲದಲ್ಲಿ ಕಲ್ಲು ನೆಡುತ್ತಿರುತ್ತಾನೆ.

ಹಾಗಾದರೆ ಮಾಡುವುದೇನು? ವಿಶ್ವೇಶ್ವರಯ್ಯನವರು ಹೈದರಾಬಾದಿನಲ್ಲಿ ಮಾಡಿದ್ದನ್ನೇ. ಬಿದ್ದ ಮನೆ ನೋಡುವ ಮೊದಲು ಅವರು ನೀರು ಬಂದ ದಿಕ್ಕು ನೋಡಿದರು. ಪ್ಲಾಟು ಕೊಳ್ಳುವವರು ಬೇಸಗೆಯಲ್ಲಿ ಕಮಾನು ನೋಡಿ ಮರುಳಾಗದೆ, ಮಳೆ ಬಿದ್ದ ಮರುದಿನ ಹೋಗಿ ನೀರು ಎಲ್ಲಿ ನಿಂತಿದೆ ನೋಡಲಿ. ಪಕ್ಕದ ಹೊಲದ ಹಿರಿಯರನ್ನು ಹಳ್ಳ ಎಲ್ಲಿ ಹರಿಯುತ್ತಿತ್ತು ಎಂದು ಕೇಳಲಿ. ಒಪ್ಪಿಗೆಯಾದ ನಕ್ಷೆಯನ್ನು ಕಚೇರಿಯಲ್ಲೇ ಕೇಳಿ ನೋಡಲಿ. ನಕ್ಷೆಯಲ್ಲಿ ಪಾರ್ಕು ಎಂದಿರುವ ಜಾಗಕ್ಕೆ ಹೋಗಿ ಅಲ್ಲಿ ಇನ್ನೊಂದು ಸುಣ್ಣದ ಕಲ್ಲು ನಿಂತಿಲ್ಲವೇ ಎಂದು ಖಾತ್ರಿ ಮಾಡಿಕೊಳ್ಳಲಿ. ಒಬ್ಬೊಬ್ಬರೇ ಹೋದರೆ ಕಚೇರಿಯಲ್ಲಿ ನಾಳೆ ಬಾ ಎನ್ನಬಹುದು. ಹತ್ತು ಮಂದಿ ಕೂಡಿ ಹೋದರೆ ಕುರ್ಚಿ ಕೊಡುತ್ತಾರೆ. ಹಳ್ಳಿಗೊಂದು ಸಮಿತಿ ಎಂದು ಆ ದಿವಾನರು ಹೇಳಿದ್ದರ ಗುಟ್ಟೂ ಇದೇ.

ಊರಿನವರಿಗೂ, ಅಧಿಕಾರಸ್ಥರಿಗೂ ಒಂದು ವಿನಂತಿ. ಮುಂದಿನ ಸೆಪ್ಟೆಂಬರ್ 15ಕ್ಕೆ ಮಾಲೆ ತರುವಾಗ ಜೊತೆಗೊಂದು ಅಳತೆ ಟೇಪೂ ತನ್ನಿ. ಭಾಷಣ ಮುಗಿದ ಮೇಲೆ ಹೊಸ ಲೇಔಟಿನ ಒಂದೇ ಒಂದು ರಸ್ತೆ ಅಳೆಯಿರಿ, ಒಂದೇ ಒಂದು ಗಟಾರದ ನೀರು ಕೊನೆಗೆ ಎಲ್ಲಿಗೆ ಹೋಗಿ ಬೀಳುತ್ತದೆ ನೋಡಿಬನ್ನಿ. ಫೋಟೋದಲ್ಲಿ ಪೇಟ ಸುತ್ತಿ ಕೂತ ಹಿರಿಯರಿಗೆ ಅದಕ್ಕಿಂತ ದೊಡ್ಡ ಪೂಜೆ ಬೇಕಾಗಿಲ್ಲ.